ಕೋಣೆ ಯಾರದು

ಪ್ರಮಾಣ ಮಾಡುವಾಗ ಬಲಗೈ ಎತ್ತಬೇಕೆಂದು ವಕೀಲೆ ಮಾರಿಟ್ ಬೆಳಗಿನಿಂದ ಎರಡು ಸಲ ಹೇಳಿ ಹೋಗಿದ್ದಳು. ಕೋರ್ಟಿನ ಹೊರಗಿನ ಬೆಂಚಿನ ಮೇಲೆ ಕೂತ ಐಲಿ ಹಕಲಾ ಬಲಗೈಯ ಉಣ್ಣೆಯ ಗವುಸನ್ನು ಕಳಚಿ ಮಡಿಲಲ್ಲಿಟ್ಟುಕೊಂಡು, ಆ ಕೈಯನ್ನು ಬೇರೆ ಯಾರದೋ ಎಂಬಂತೆ ನೋಡುತ್ತಿದ್ದಳು. ನಡುಬೆರಳಿನ ಗೆಣ್ಣು ಊದಿ ಗೋಲಿಯಷ್ಟಾಗಿತ್ತು. ಮೂವತ್ತೊಂದು ವರ್ಷ ಶಾಲೆಯ ಅಡುಗೆಮನೆಯಲ್ಲಿ ಸೌಟು ಹಿಡಿದದ್ದರಿಂದ ಹೀಗಾಗಿದೆ ಎಂದು ಡಾಕ್ಟರು ಹೇಳಿದ್ದರು. ಅವಳೂ ಇರಬಹುದೆಂದು ತಲೆಯಾಡಿಸಿದ್ದಳು. ಆ ಗೆಣ್ಣಿಗೆ ಇನ್ನೊಂದು ಕೆಲಸವೂ ಇದೆ ಎಂಬುದು ಅವಳನ್ನು ಬಿಟ್ಟರೆ ಲೋಕದಲ್ಲಿ ಒಬ್ಬಳಿಗೆ ಮಾತ್ರ ಗೊತ್ತಿತ್ತು. ಆ ಒಬ್ಬಳು, ತೀರಿಹೋದ ಗಂಡನ ತಂಗಿ ಲೆಂಪಿ, ಆಗಲೇ ಒಳಗೆ ಹೋಗಿ ಜನ ಕೂರುವ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ಕೂತಿದ್ದಳು. ಸಾಕ್ಷಿ ಹೇಳುವವರು ಕರೆಯುವ ತನಕ ಹೊರಗೇ ಇರಬೇಕಂತೆ. ಕಿಟಕಿಯಾಚೆ ವಾರದ ಹಿಂದೆ ಬಿದ್ದ ಹಿಮ ಕಲ್ಲಾಗಿ, ಅದರ ಮೇಲೆ ಗಣಿಯ ಕೆಂಪು ಧೂಳು ಕೂತು, ಒಣಗಿದ ಗಾಯದ ಬಟ್ಟೆಯ ಹಾಗೆ ಕಾಣುತ್ತಿತ್ತು. ಒಳಗೆ, ಆ ದಪ್ಪ ಬಾಗಿಲಿನ ಹಿಂದೆ, ಮಗ ಡೇಲ್ ಇದ್ದ. ಅವನು ಮನೆಗೆ ಬರುವುದೋ, ಎಂಟು ಹತ್ತು ವರ್ಷ ಬಾರದೇ ಇರುವುದೋ ಈ ದಿನ ತೀರ್ಮಾನವಾಗುವುದಿತ್ತು. ಹತ್ತು ವರ್ಷ ಎಂದರೆ ತನಗೆ ಎಂಬತ್ತಮೂರು. ಅವಳು ಆ ಲೆಕ್ಕವನ್ನು ಅಲ್ಲಿಗೇ ಬಿಟ್ಟು ಗವುಸಿನ ಒಳಗೆ ಸಿಕ್ಕಿಕೊಂಡಿದ್ದ ಬ್ರೆಡ್ಡಿನ ಪುಡಿಯನ್ನು ಕೊಡವಿದಳು. ಏಲಕ್ಕಿಯ ವಾಸನೆ ಬಂತು. ಬೆಳಿಗ್ಗೆ ನಾಲ್ಕಕ್ಕೇ ಎದ್ದು ಬ್ರೆಡ್ಡು ಬೇಯಿಸಿದ್ದಳು, ಸಂಜೆಗೆ ಅವನು ಬಂದರೆ ಬೇಕಾಗುತ್ತದೆ ಎಂದು. ಬಂದರೆ ಎಂಬ ಮಾತನ್ನು ಹಿಟ್ಟಿನಲ್ಲೇ ಕಲಸಿ ನಾದಿ ಮುಚ್ಚಿಟ್ಟಿದ್ದಳು.

ಮಾರಿಟ್ ಸರ್ಕಾರವೇ ಬಡವರಿಗೆ ಕೊಡುವ ವಕೀಲೆ, ಮೂವತ್ತೂ ಆಗಿರದ ಹುಡುಗಿ. ತನ್ನ ಆಫೀಸಿನಲ್ಲಿ ಕಾಗದದ ಲೋಟದಲ್ಲಿ ಕಾಫಿ ಕೊಟ್ಟು, ಐಲಿಗೆ ಅರ್ಥವಾಗಲೆಂದು ಮೆಲ್ಲಗೆ ಮಾತಾಡಿದ್ದಳು. "ಪೊಲೀಸರು ಜಡ್ಜಿನ ವಾರಂಟ್ ಇಲ್ಲದೆ ಯಾರ ಮನೇನೂ ಹುಡುಕೋ ಹಾಗಿಲ್ಲ, ಮಿಸೆಸ್ ಹಕಲಾ. ಸಂವಿಧಾನದ ನಾಲ್ಕನೇ ತಿದ್ದುಪಡಿ ಅಂತ ಒಂದಿದೆ, ಅದು ಹೇಳೋದು ಇಷ್ಟೇ. ಅವತ್ತು ಅವರ ಹತ್ರ ವಾರಂಟ್ ಇರಲಿಲ್ಲ." ಐಲಿಯ ಮುಖ ಅರಳಿತ್ತು. "ಆದ್ರೆ ಮನೆಯವರೇ ನೋಡ್ಕೊಳ್ಳಿ ಅಂದ್ಬಿಟ್ರೆ ವಾರಂಟ್ ಬೇಕಿಲ್ಲ. ನೀವು ನೋಡಿ ಅಂದ್ರಿ." ಅರಳಿದ್ದು ಮುದುಡಿತ್ತು. "ಈಗ ನಮಗೆ ಉಳಿದಿರೋದು ಒಂದೇ ದಾರಿ. ಮನೆ ನಿಮ್ಮದೇ. ಆದ್ರೆ ಮಹಡಿ ಮೇಲಿನ ಆ ಕೋಣೆ ಬರೀ ಡೇಲನದಾ, ನಿಮ್ಮದೂ ಹೌದಾ? ಅವನು ನಲವತ್ತು ದಾಟಿದ ಗಂಡಸು. ಅದು ಅವನೊಬ್ಬನದೇ ಅಂತಾದ್ರೆ, ನೋಡಿ ಅನ್ನೋ ಅಧಿಕಾರ ನಿಮಗಿರಲಿಲ್ಲ. ಆಗ ಅಲ್ಲಿ ಸಿಕ್ಕಿದ ಡಬ್ಬವನ್ನ ಕೋರ್ಟು ಕಣ್ಣೆತ್ತೂ ನೋಡೋ ಹಾಗಿಲ್ಲ. ಡಬ್ಬ ಇಲ್ಲ ಅಂದ್ರೆ ಕೇಸೇ ಇಲ್ಲ." ಆಮೇಲೆ ಪೆನ್ನು ಎತ್ತಿಕೊಂಡು ಕೇಳಿದ್ದಳು. ಬಾಗಿಲಿಗೆ ಬೀಗ ಇತ್ತಾ? ಇರಲಿಲ್ಲ. ಬಾಡಿಗೆ ಕೊಡ್ತಿದ್ನಾ? ಹೆತ್ತ ಮಗನ ಹತ್ತಿರ ಬಾಡಿಗೆಯೇ? ನೀವು ಒಳಗೆ ಹೋಗ್ತಿದ್ರಾ? "ಹೋಗದೆ ಏನಮ್ಮಾ. ಅವನ ಬಟ್ಟೆ ಒಗೆಯೋರು ಯಾರು, ಹಾಸಿಗೆ ಬಟ್ಟೆ ಬದಲಾಯಿಸೋರು ಯಾರು." ಅವನ ಅಪ್ಪಣೆ ಕೇಳ್ತಿದ್ರಾ? "ಅಪ್ಪಣೆ ಕೇಳ್ಕೊಂಡು ಮಗನ ಬಟ್ಟೆ ಒಗೀತಾರಾ?" ಎಂದು ನಕ್ಕಿದ್ದಳು. ಓದಿದ ಹುಡುಗಿಯೆದುರು ಒಳ್ಳೆಯ ತಾಯಿಯಾಗಿ ಕಾಣಿಸಬೇಕೆಂಬ ಆಸೆ ಈ ವಯಸ್ಸಿನಲ್ಲೂ ಗಂಟಲಿಗೆ ಬಂದು ಮಾತಾಡುತ್ತದೆ. ಮಾರಿಟ್ ನಗಲಿಲ್ಲ. ಅವಳು ಬರೆದುಕೊಳ್ಳುತ್ತಿದ್ದ ಸಾಲು ಕಾಗದದ ನಡುವೆಯೇ ನಿಂತುಹೋಯಿತು. "ಸುಳ್ಳು ಹೇಳಿ ಅಂತ ನಾನು ಹೇಳಲ್ಲ, ಹೇಳೋ ಹಾಗೂ ಇಲ್ಲ. ಯೋಚನೆ ಮಾಡಿ. ಆ ಕೋಣೆ ಅವನದು ಅಂತ ನೀವು ಯಾವುದಾದ್ರೂ ರೀತೀಲಿ ನಡ್ಕೊಂಡಿದ್ರೆ, ಎಷ್ಟು ಚಿಕ್ಕದಾದ್ರೂ ಸರಿ, ನನಗೆ ಹೇಳಿ."

ಹೇಳಬಹುದಾಗಿತ್ತು. ಆಗಲೂ ಗೆಣ್ಣು ಒಂದು ಸಲ ಮಿಡಿದಿತ್ತು. ಇಂಥದ್ದನ್ನೆಲ್ಲ ಕಾಯಿದೆ ಕೇಳುತ್ತದೆಯೇ ಎಂದುಕೊಂಡು ಅವಳು ಕಾಫಿ ಕುಡಿದು ಎದ್ದು ಬಂದಿದ್ದಳು.

ನವೆಂಬರಿನ ಆ ದಿನ ಬಂದ ಪೊಲೀಸರು ಇಬ್ಬರು. ಒಬ್ಬನ ಮುಖ ಗುರುತಿರಲಿಲ್ಲ. ಇನ್ನೊಬ್ಬ ಕರ್ಟ್. ಒಂಬತ್ತನೇ ವಯಸ್ಸಿನಲ್ಲಿ ತಟ್ಟೆ ಹಿಡಿದು ಸಾಲಿನಲ್ಲಿ ಕೊನೆಗೆ ನಿಲ್ಲುತ್ತಿದ್ದ, ಇನ್ನೊಂದು ಸೌಟು ಕೇಳಲು ನಾಚಿ ಬರೀ ಕಣ್ಣಲ್ಲಿ ಕೇಳುತ್ತಿದ್ದ ಕರ್ಟ್. ಅವನಿಗೆ ಐಲಿ ಯಾವಾಗಲೂ ಇನ್ನೊಂದು ಸೌಟು ಹಾಕಿದ್ದಳು. ಅವನು ಟೋಪಿ ತೆಗೆದು ಮೆಟ್ಟಿಲಿನ ಮೇಲೆ ನಿಂತಿದ್ದ, ಬಾಯಿಂದ ಹಬೆ ಬರುತ್ತಿತ್ತು, ಕಿವಿ ಕೆಂಪಗಾಗಿತ್ತು. ಅಂಥ ಚಳಿಯಲ್ಲಿ ನಾಯಿಯನ್ನೂ ಯಾರೂ ಬಾಗಿಲಲ್ಲಿ ನಿಲ್ಲಿಸಿಕೊಳ್ಳುವುದಿಲ್ಲ. ಮನೆಗೆ ಬಂದವರನ್ನು ಕಾಫಿ ಕೊಡದೆ ಕಳಿಸಿದಳೆಂದು ಅವಳ ತಾಯಿಯನ್ನಾಗಲಿ ಅಜ್ಜಿಯನ್ನಾಗಲಿ ಆ ಬೀದಿಯಲ್ಲಿ ಯಾರೂ ಅಂದದ್ದಿಲ್ಲ. "ಒಳಗೆ ಬಾರಪ್ಪ ಕರ್ಟ್, ಬೆಚ್ಚಗಿರೋದೆಲ್ಲ ಹೊರಗೆ ಹೋಗ್ತಿದೆ" ಎಂದಿದ್ದಳು. ಡೇಲ್ ಇಲ್ಲ, ಬೆನ್ನಿಗೆ ಚಿಕಿತ್ಸೆ ಅಂತ ಹೋಗಿದಾನೆ ಎಂದಿದ್ದಳು. ಗಣಿಯಲ್ಲಿ ಲಾರಿಯಿಂದ ಬಿದ್ದ ಮೇಲೆ ಅವನ ಬೆನ್ನು ನೆಟ್ಟಗಾಗಲೇ ಇಲ್ಲ, ಮಾತ್ರೆ ನುಂಗಿಕೊಂಡೇ ದಿನ ದೂಡುತ್ತಾನೆ ಎಂದೂ, ಕೇಳದಿದ್ದರೂ, ಹೇಳಿದ್ದಳು. ಕರ್ಟ್ ಎರಡು ತುಂಡು ಬ್ರೆಡ್ಡು ತಿಂದ. ಮೂರನೆಯದಕ್ಕೆ ಕಣ್ಣಲ್ಲಿ ಕೇಳಿದ, ಇವಳು ಕೊಟ್ಟಳು. ಬಾಯಿ ಒರೆಸಿಕೊಂಡು, "ಅವನು ಮಲಗೋ ಕೋಣೆ ಒಂಚೂರು ನೋಡಬಹುದಾ ಮಿಸೆಸ್ ಹಕಲಾ? ಬೇಡ ಅಂದ್ರೆ ಬೇಡ" ಎಂದ. ಬೇಡ ಅಂದರೆ ಬೇಡ ಎಂಬುದನ್ನು ಅವನು ನಿಜಕ್ಕೂ ಹೇಳಿದ್ದ. ಅದನ್ನು ಅವಳು ಮರೆಯುವ ಹಾಗಿರಲಿಲ್ಲ. ಏಕೆಂದರೆ ಆ ಗಳಿಗೆಯಲ್ಲಿ ಅವಳ ಮನಸ್ಸಿಗೆ ಬಂದದ್ದು ಬೇಡ ಎಂಬ ಮಾತಲ್ಲ, ಬೆಳಿಗ್ಗೆ ತಾನೇ ಹಾಸಿಗೆಗೆ ಹೊಸ ಬಟ್ಟೆ ಹಾಕಿದ್ದೇನಲ್ಲ, ಸದ್ಯ, ಎಂಬ ಸಮಾಧಾನ.

ಮಂಚದ ಕೆಳಗಿನ ಬೂಟಿನ ಡಬ್ಬವನ್ನು ಅವಳು ಆ ಬೇಸಗೆಯಿಂದಲೇ ಬಲ್ಲಳು. ಗುಡಿಸುವಾಗ ಎತ್ತಿ, ಗುಡಿಸಿ, ಅದೇ ಜಾಗದಲ್ಲಿ ಅದೇ ಮೂಲೆ ಗೋಡೆಗೆ ಬರುವಂತೆ ಇಡುತ್ತಿದ್ದಳು. ಎತ್ತಿದಾಗ ಒಳಗೆ ಮಾತ್ರೆಗಳು ಒಣ ಬಟಾಣಿಯಂತೆ ಸದ್ದು ಮಾಡುತ್ತಿದ್ದವು. ಒಬ್ಬ ಮನುಷ್ಯನ ಬೆನ್ನುನೋವಿಗೆ ಅಷ್ಟು ಬಟಾಣಿ ಬೇಕಿಲ್ಲ ಎಂಬುದು ನೂರಾರು ಮಕ್ಕಳಿಗೆ ಅಳೆದು ಬೇಯಿಸಿದ ಹೆಂಗಸಿಗೆ ಗೊತ್ತಾಗದೆ ಇರುತ್ತದೆಯೇ. ಹಿಂದಿನ ಬೀದಿಯ ಹುಡುಗಿಯೊಬ್ಬಳು ಅಂಥವೇ ಮಾತ್ರೆ ಹೆಚ್ಚಾಗಿ ನುಂಗಿ ಸ್ನಾನದ ಮನೆಯಲ್ಲಿ ಬಿದ್ದು ಸತ್ತಾಗ ಐಲಿ ಅಂತ್ಯಕ್ರಿಯೆಯ ಊಟಕ್ಕೆ ಆಲೂಗೆಡ್ಡೆ ಬೇಯಿಸಿಕೊಟ್ಟು ಬಂದು, ಆ ರಾತ್ರಿ ತಲೆಯ ಮೇಲಿನ ಹಲಗೆಗಳಲ್ಲಿ ಡೇಲ್ ಅತ್ತಿಂದಿತ್ತ ನಡೆಯುವುದನ್ನು ಕೇಳಿಸಿಕೊಳ್ಳುತ್ತ ಮಲಗಿದ್ದಳು. ಅವನು ಕೊಟ್ಟದ್ದಲ್ಲ, ಅವನು ಅಂಥವನಲ್ಲ. ಹೇಳಿಕೊಂಡಳು, ಹೇಳಿಕೊಂಡಳು. ಮರುವಾರ ಡಬ್ಬ ಎತ್ತಿದಾಗ ಹಗುರವಾಗಿತ್ತು. ಅದರ ಮರುವಾರ ಮತ್ತೆ ಭಾರ. ಕರ್ಟ್ ಮಂಡಿಯೂರಿ ಮಂಚದ ಕೆಳಗೆ ಬಗ್ಗಿ, "ಇದು?" ಎಂದು ತಲೆಯೆತ್ತಿ ನೋಡಿದಾಗ, ಅವಳು "ನೋಡು" ಎಂದಿದ್ದಳು. ಒಂದೇ ಮಾತು. ಅದನ್ನು ಹೇಳಿದ ಐಲಿ ಯಾರು? ಬಂದವರ ಮುಂದೆ ಮುಚ್ಚಿಡುವಂಥದ್ದು ನಮ್ಮ ಮನೆಯಲ್ಲಿ ಏನಿದೆ ಎನ್ನುವ ಮರ್ಯಾದಸ್ತೆಯೇ, ಇಲ್ಲ ಬೇಸಗೆಯಿಂದ ಆ ಡಬ್ಬವನ್ನು ಎತ್ತಿ ಎತ್ತಿ ಇಟ್ಟು ಸಾಕಾಗಿ, ಯಾರಾದರೂ ಇದನ್ನು ನನ್ನ ಕೈಯಿಂದ ಇಳಿಸಿಕೊಳ್ಳಿ ಎಂದು ಕಾದಿದ್ದವಳೇ? ಮೂರು ತಿಂಗಳಿಂದ ಬಟ್ಟೆ ಒಗೆಯುವಾಗ, ಚರ್ಚಿನಲ್ಲಿ ಹಾಡುವಾಗ, ಇಬ್ಬರೂ ಅವಳೊಳಗೆ ಎದುರುಬದುರು ಕೂತಿದ್ದರು. ಒಬ್ಬಳೂ ಎದ್ದು ಹೋಗುತ್ತಿರಲಿಲ್ಲ.

"ಐಲಿ ಹಕಲಾ" ಎಂದು ಕರೆದರು.

ಒಳಗೆ ಕೋರ್ಟು ಅಂದುಕೊಂಡಷ್ಟು ದೊಡ್ಡದಿರಲಿಲ್ಲ. ಡೇಲ್ ಕಿತ್ತಳೆ ಬಣ್ಣದ ಜೈಲಿನ ಅಂಗಿಯಲ್ಲಿ ಕೂತಿದ್ದ. ಅಂಗಿ ದೊಡ್ಡದು, ಇಸ್ತ್ರಿ ಇಲ್ಲ, ಹೆಗಲಲ್ಲಿ ಬೇರೆ ಯಾರದೋ ಮಡಿಕೆ. ಹಿಂದಿನ ವಾರ ಗಾಜಿನಾಚೆ ಕೂತು ಫೋನು ಹಿಡಿದು ಅವನು ಕೇಳಿದ್ದ: "ನೀನು ನನ್ ರೂಮಿಗೆ ಬರ್ತಾನೇ ಇರ್ಲಿಲ್ಲ, ಅಲ್ವಾಮ್ಮಾ? ನಾನಂತೂ ಒಂದಿನಾನೂ ನೋಡಿಲ್ಲ." ಮಡಿಸಿದ ಬಟ್ಟೆ ತಾನಾಗಿ ಮೆಟ್ಟಿಲು ಹತ್ತಿ ಕಪಾಟು ಸೇರುತ್ತದೆ ಎಂದುಕೊಂಡಿದ್ದನೋ ಏನೋ. ಅವನು ಹೇಳಿದ್ದು ಸುಳ್ಳೂ ಅಲ್ಲ. ಅವನು ಇದ್ದಾಗ ಅವಳು ಮೇಲೆ ಹೋದವಳಲ್ಲ, ಮೆಟ್ಟಿಲ ಬುಡದಲ್ಲಿ ನಿಂತು ಊಟಕ್ಕೆ ಕೂಗುವುದಷ್ಟೇ. ಅವನಿಲ್ಲದಾಗ ಹೋಗುತ್ತಿದ್ದಳು. ಹೋಗಿ, ಮುಚ್ಚಿದ ಬಾಗಿಲ ಮುಂದೆ ನಿಂತು, ನಡುಬೆರಳಿನ ಗೆಣ್ಣಿನಿಂದ ಎರಡು ಸಲ ಬಡಿಯುತ್ತಿದ್ದಳು. ಖಾಲಿ ಕೋಣೆ ಎಂದು ಗೊತ್ತಿದ್ದೂ ಬಡಿದು, ಉಸಿರು ಹಿಡಿದು, ಸ್ವಲ್ಪ ಹೊತ್ತು ಕಾದು, ಆಮೇಲೆ ಹಿಡಿಕೆ ತಿರುಗಿಸುತ್ತಿದ್ದಳು. ಗಂಡ ಆರ್ವೋನನ್ನು ಮಣ್ಣು ಮಾಡಿದ ಮರುದಿನ ಹಾಗೆ ಬಡಿಯದೆ ಒಗೆದ ಬಟ್ಟೆ ಹಿಡಿದು ಒಳಗೆ ನುಗ್ಗಿದ್ದಳು. ಆಗ ಇಪ್ಪತ್ತೆಂಟರ ಡೇಲ್ ನೆಲದ ಮೇಲೆ ಕೂತು, ಅಪ್ಪ ಗಣಿಗೆ ಒಯ್ಯುತ್ತಿದ್ದ ತಗಡಿನ ಊಟದ ಡಬ್ಬಿಯನ್ನು ತೊಡೆಯ ಮೇಲಿಟ್ಟು ತೆರೆದು, ಅದರೊಳಗೆ ಮುಖ ಹುದುಗಿಸಿ ಅಳುತ್ತಿದ್ದ. ತಲೆಯೆತ್ತಿದ. ಮೂಗಿನ ಮೇಲೆ ಡಬ್ಬಿಯ ಅಂಚು ಒತ್ತಿ ಗೀರಾಗಿತ್ತು. ಬೈಯಲಿಲ್ಲ. "ಬಾಗಿಲು ಹಾಕ್ಕೊಂಡು ಹೋಗಮ್ಮಾ" ಎಂದ, ಅಷ್ಟೇ. ಹದಿನೈದು ವರ್ಷವಾಯಿತು. ಅಂದಿನಿಂದ ಆ ಬಾಗಿಲ ಹಿಂದೆ ಯಾವಾಗಲೂ ಒಬ್ಬ ಅಳುತ್ತಿರಬಹುದು ಎಂದು ಅವಳ ಗೆಣ್ಣಿಗೆ ಅಭ್ಯಾಸವಾಗಿಬಿಟ್ಟಿತ್ತು. ಒಮ್ಮೆ ಸ್ವೆಟರು ಕೇಳಲು ಬಂದ ಲೆಂಪಿ ಹಿಂದಿನಿಂದಲೇ ಮೆಟ್ಟಿಲು ಹತ್ತಿ ಬಂದು ನೋಡಿಬಿಟ್ಟಳು. "ಅಯ್ಯೋ ಅತ್ತಿಗೆ, ಖಾಲಿ ರೂಮಿಗೆ ಬಾಗಿಲು ಬಡೀತೀರಲ್ಲ! ನಿಮ್ಮನೇಲಿ ನೀವೇ ಬಾಡಿಗೆಗಿದ್ದೀರಾ? ಮಗನನ್ನ ಕಂಡ್ರೆ ಅಷ್ಟು ಭಯಾನಾ?" ಎಂದು ಕಂಬಿ ಹಿಡಿದುಕೊಂಡು ನಕ್ಕಿದ್ದಳು. ಆ ಭಾನುವಾರ ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿ ಕುಡಿಯುವಾಗ ಹೆಂಗಸರೆಲ್ಲ ತನ್ನತ್ತ ನೋಡಿ ನಕ್ಕರೆಂದು ಐಲಿಗೆ ಅನ್ನಿಸಿತು. ನಕ್ಕಿರಲಿಲ್ಲವೇನೋ.

ಬಲಗೈ ಎತ್ತಿದಳು. ನಿಜವನ್ನೇ ಹೇಳುತ್ತೇನೆ ಎಂದಳು. ಮಾರಿಟ್ ಮೊದಲು ಕೇಳಿದ್ದು ಸುಲಭದ್ದು. ಡೇಲ್ ಆ ಕೋಣೆಯಲ್ಲಿ ಎಷ್ಟು ವರ್ಷದಿಂದ ಇದ್ದಾನೆ, ಅಲ್ಲಿ ಇರುವ ಸಾಮಾನು ಯಾರದು, ನೀವು ಅಲ್ಲಿ ಯಾವತ್ತಾದರೂ ಮಲಗಿದ್ದೀರಾ. ಐಲಿ ನೆಟ್ಟಗೆ ಉತ್ತರ ಹೇಳಿದಳು. ಎಲ್ಲ ಅವನದೇ, ನನ್ನದು ಒಂದು ಸೂಜಿಯೂ ಇಲ್ಲ. ಡೇಲ್ ಅವಳತ್ತ ನೋಡಿದ. ಗಾಜಿಲ್ಲದೆ ಅವನು ಹಾಗೆ ನೋಡಿ ಮೂರು ತಿಂಗಳಾಗಿತ್ತು, ನಿಜ ಹೇಳಬೇಕೆಂದರೆ ಮೂರು ವರ್ಷವೇ ಆಗಿತ್ತು.

ಆಮೇಲೆ ಸರ್ಕಾರದ ಕಡೆಯ ವಕೀಲ ಎದ್ದ. ಬೆಳ್ಳಗಿನ ಕೂದಲು, ಒಳ್ಳೆಯ ದನಿ, ಅವಳಿಗೆ ನೀರು ಬೇಕೇ ಎಂದು ವಿಚಾರಿಸಿಕೊಂಡ. ಕರ್ಟ್‌ನ ಎದೆಯ ಮೇಲಿದ್ದ ಕ್ಯಾಮೆರಾ ಹಿಡಿದದ್ದನ್ನು ಗೋಡೆಯ ಪರದೆಯ ಮೇಲೆ ಹಾಕಿಸಿದ. ಅಲ್ಲಿ ಒಬ್ಬ ಮುದುಕಿ ಬೆನ್ನು ತೋರಿಸಿ, ಕಂಬಿ ಹಿಡಿದು ಮೆಟ್ಟಿಲು ಹತ್ತುತ್ತಿದ್ದಳು. ತಾನು ಹಿಂದಿನಿಂದ ಇಷ್ಟು ಅಗಲವೆಂದು ಐಲಿಗೆ ಗೊತ್ತೇ ಇರಲಿಲ್ಲ. ಸ್ವೆಟರಿನ ಬೆನ್ನಲ್ಲಿ ಒಂದು ಎಳೆ ಕಿತ್ತು ಜೋಲುತ್ತಿತ್ತು. ಮುದುಕಿ ಬಾಗಿಲ ಮುಂದೆ ಒಂದು ಗಳಿಗೆ ನಿಂತಳು. ಬಲಗೈ ಮೇಲೇರಿತು, ಬೆರಳು ಅರ್ಧ ಮಡಿಚಿತು, ಹಿಂದೆ ಇಬ್ಬರು ಗಂಡಸರು ನಿಂತಿದ್ದಾರೆಂಬುದು ನೆನಪಾಗಿ ಕೈ ಸುಮ್ಮನೆ ಹಾಗೇ ಹಿಡಿಕೆಗೆ ಇಳಿಯಿತು. ಅದನ್ನು ಕಂಡವಳು ಆ ಕೋರ್ಟಿನಲ್ಲಿ ಐಲಿ ಒಬ್ಬಳೇ. ಬಾಗಿಲು ತೆರೆಯಿತು. "ನೋಡಪ್ಪ ನೋಡು, ಬೆಳಿಗ್ಗೆ ತಾನೇ ಹಾಸಿಗೆ ಬಟ್ಟೆ ಬದಲಾಯಿಸಿದೀನಿ" ಎಂದಿತು ಅವಳದೇ ದನಿ, ಹೆಮ್ಮೆಯಿಂದ, ನೆಂಟರಿಗೆ ಮನೆ ತೋರಿಸುವವಳ ಹಾಗೆ. ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಕೆನ್ನೆಯಿಂದ ಕಿವಿಯ ತುದಿಯವರೆಗೆ ಬಿಸಿಯೇರಿತು.

"ನಿಮ್ಮನ್ಯಾರಾದ್ರೂ ಬಲವಂತ ಮಾಡಿದ್ರಾ ಮಿಸೆಸ್ ಹಕಲಾ? ನಿಮ್ಮ ಇಷ್ಟದಿಂದಾನೇ ತೋರಿಸಿದ್ರಾ?"

ಒಳಗೆ ಎದುರುಬದುರು ಕೂತಿದ್ದ ಇಬ್ಬರೂ ತಲೆಯೆತ್ತಿದರು. "ಹೂಂ" ಎಂದಳು.

"ಇಲ್ಲಿ ನೀವು ಬಾಗಿಲು ತೆಗೆದು ನೇರ ಒಳಗೆ ಹೋಗ್ತೀರಿ. ಯಾವಾಗ್ಲೂ ಹೀಗೇನಾ? ಬಾಗಿಲು ಗೀಗಿಲು ಬಡಿಯೋದು, ಕಾಯೋದು, ಅಂಥದ್ದೇನಾದ್ರೂ ಇತ್ತಾ?"

ಮಾರಿಟ್‌ಳ ಪೆನ್ನು ಕಾಗದದಿಂದ ಮೇಲೆದ್ದಿತು. ಐಲಿ ನೋಡಿದ್ದು ಅದನ್ನಲ್ಲ. ಮೊದಲ ಸಾಲಿನಲ್ಲಿ, ಕೈಚೀಲವನ್ನು ಮಡಿಲಲ್ಲಿ ತಬ್ಬಿಕೊಂಡು, ಭಾನುವಾರದ ಟೋಪಿ ಹಾಕಿಕೊಂಡು ಲೆಂಪಿ ಕೂತಿದ್ದಳು. ತುಟಿಯ ಮೂಲೆ ಕೊಂಚ ಎತ್ತಿತ್ತು. ಅದು ಅವಳ ಮುಖವೇ ಹಾಗೆ, ಅಳುವಾಗಲೂ ಹಾಗೆಯೇ ಎಂಬುದು ಐಲಿಗೆ ಐವತ್ತು ವರ್ಷದಿಂದ ಗೊತ್ತಿತ್ತು. ಆದರೆ ಕಿವಿಗೆ ಬಿದ್ದದ್ದು ಲೆಂಪಿಯ ಅಂದಿನ ಮಾತು. ಬಾಡಿಗೆಗಿದ್ದೀರಾ. ಭಯಾನಾ. ಊರಿನ ಎದುರು, ಎಳೆ ಕಿತ್ತ ಸ್ವೆಟರಿನ ಮುದುಕಿ ಖಾಲಿ ಕೋಣೆಯ ಬಾಗಿಲು ಬಡಿದು ಒಳಗಿನಿಂದ ಉತ್ತರಕ್ಕೆ ಕಾಯುತ್ತಾಳೆ. ಅವಳ ಬೆನ್ನು ತಾನಾಗಿ ನೆಟ್ಟಗಾಯಿತು.

"ನನ್ನ ಮನೇಲಿ ನಾನ್ಯಾಕೆ ಬಾಗಿಲು ಬಡೀಲಿ?" ಎಂದಳು.

ಕೆಲವರು ನಕ್ಕರು, ಒಳ್ಳೆಯ ನಗೆ. ಆ ವಕೀಲನೂ ಮುಗುಳ್ನಕ್ಕು, ಇನ್ನೇನೂ ಕೇಳುವುದಿಲ್ಲ ಎಂದು ಕೂತ. ನಗೆ ಇಳಿದ ಮೇಲೆ ಡೇಲ್ ಮುಖ ತಿರುಗಿಸಿ ಮೇಜಿನ ಮೇಲೆ ತನ್ನ ಕೈಗಳನ್ನು ನೋಡುತ್ತಿರುವುದು ಅವಳಿಗೆ ಕಂಡಿತು. ಏನೋ ಬಿದ್ದುಹೋಯಿತು ಅನ್ನಿಸಿತು, ಸೌಟು ಕೈಜಾರಿ ದೊಡ್ಡ ಪಾತ್ರೆಯ ತಳ ಸೇರಿದ ಹಾಗೆ. ಏನೆಂದು ತಿಳಿಯಲಿಲ್ಲ.

ಅದು ತಿಳಿದದ್ದು ಮಧ್ಯಾಹ್ನ, ಜಡ್ಜು ಕನ್ನಡಕ ಏರಿಸಿ ಬರೆದುಕೊಂಡದ್ದನ್ನು ಓದಿದಾಗ. ಮನುಷ್ಯ ಕೆಟ್ಟವನಲ್ಲ, ನಡುನಡುವೆ ಅವಳತ್ತ ನೋಡಿ ಮೆಲ್ಲಗೆ ಓದಿದ. ಬೆಳೆದ ಮಗನಿಗೆ ತಾಯಿಯ ಮನೆಯಲ್ಲೂ ತನ್ನದೇ ಆದ ಜಾಗ ಇರಬಲ್ಲದು, ಅಲ್ಲಿಗೆ ಸರ್ಕಾರ ಕಾಲಿಡಲಾಗದು, ಈ ದೇಶ ಅದನ್ನು ಸುಮ್ಮನೆ ಬರೆದಿಟ್ಟುಕೊಂಡಿಲ್ಲ ಎಂದ. ಆದರೆ ಆ ಜಾಗಕ್ಕೆ ಏನಾದರೂ ಗುರುತಿರಬೇಕು. ಬೀಗವಿತ್ತೇ, ಇಲ್ಲ. ಬಾಡಿಗೆಯಿತ್ತೇ, ಇಲ್ಲ. ಹೋಗಬೇಡವೆಂಬ ಮಾತಿತ್ತೇ, ಇಲ್ಲ. "ಕೊನೇ ಪಕ್ಷ ತಾಯಿ ಒಳಗೆ ಹೋಗುವ ಮುಂಚೆ ಬಾಗಿಲು ಬಡಿಯುವ ರೂಢಿ ಇತ್ತು ಅಂದಿದ್ದರೂ, ಅದು ಮಗನ ಕೋಣೆ ಅಂತ ಅವರೇ ಒಪ್ಪಿಕೊಂಡಿದ್ದರು ಅನ್ನೋದಕ್ಕೆ ಅದೊಂದು ಸಾಕ್ಷಿ ಆಗಿರೋದು, ನಾನು ಇನ್ನೊಂದು ಸಲ ಯೋಚನೆ ಮಾಡ್ತಿದ್ದೆ. ಅವರು ನಿಜ ಹೇಳಿದಾರೆ, ಅದನ್ನ ನಾನು ಗೌರವಿಸ್ತೀನಿ. ಆ ಕೋಣೆ ಮಗನದೆಷ್ಟೋ ಅಷ್ಟೇ ತಾಯಿಯದೂ ಹೌದು." ಡಬ್ಬ ಸಾಕ್ಷಿಯಾಗಿ ಉಳಿಯಿತು. ಡೇಲನನ್ನು ಪಕ್ಕದ ಬಾಗಿಲಿನಿಂದ ಕರೆದುಕೊಂಡು ಹೋದರು. ಅವನು ಬೆನ್ನು ಹಿಡಿದುಕೊಂಡು ಎದ್ದ ರೀತಿ ಆರ್ವೋನ ಹಾಗೆಯೇ ಇತ್ತು.

ಹೊರಗೆ ಅವಳು ಮಾರಿಟ್‌ಳ ತೋಳು ಹಿಡಿದಳು. "ಬಡೀತಿದ್ದೆ ಕಣಮ್ಮಾ. ಪ್ರತಿಸಲಾನೂ ಬಡೀತಿದ್ದೆ. ಅವನಿಲ್ಲದಾಗಲೂ." ಮಾರಿಟ್ ಅವಳ ಮುಖ ನೋಡಿದಳು. ಆ ಹುಡುಗಿಯ ಕಣ್ಣಲ್ಲಿ ನಂಬಿಕೆ ಇತ್ತು, ಅದೇ ಕಷ್ಟವಾಯಿತು. "ಪ್ರಮಾಣ ಮಾಡಿ ಇಲ್ಲ ಅಂದಿದೀರಿ. ಈಗ ಹೌದು ಅಂದ್ರೆ, ಮಗನ್ನ ಉಳಿಸ್ಕೊಳ್ಳೋಕೆ ಹೇಳ್ತಿದಾರೆ ಅಂತಾರೆ. ನಾನು ಕೇಳಿ ನೋಡ್ತೀನಿ. ಆಸೆ ಇಟ್ಕೋಬೇಡಿ" ಎಂದು ಅವಳ ಗವುಸನ್ನು ತಾನೇ ಬಲಗೈಗೆ ಹಾಕಿಕೊಟ್ಟಳು.

ಕಾರನ್ನು ಲೆಂಪಿ ನಡೆಸುತ್ತಿದ್ದಳು. ಗಣಿಯ ಗುಡ್ಡ ದಾಟಿತು. ತಿರುವಿನಲ್ಲಿ ಲೆಂಪಿ, ರಸ್ತೆಯಿಂದ ಕಣ್ಣು ತೆಗೆಯದೆ, "ಅತ್ತಿಗೆ, ನೀವು ಬಡೀತಿದ್ರಲ್ಲ. ನಾನೇ ನೋಡಿದ್ನಲ್ಲ ಒಂದಿನ. ಯಾಕೆ ಹೇಳ್ಲಿಲ್ಲ?" ಎಂದಳು. ದನಿಯಲ್ಲಿ ಕುಹಕವಿರಲಿಲ್ಲ. ತಾನು ಅಂದು ಏನೆಂದಿದ್ದೆ ಎಂಬುದು ಅವಳಿಗೆ ನೆನಪೇ ಇರಲಿಲ್ಲ. ಕೆನ್ನೆ ಒದ್ದೆಯಾಗಿತ್ತು, ತುಟಿಯ ಮೂಲೆ ಎಂದಿನಂತೆ ಕೊಂಚ ಮೇಲೆ. ಐಲಿ ಕಿಟಕಿಯತ್ತ ತಿರುಗಿ, "ಬ್ರೆಡ್ಡು ಮಾಡಿದೀನಿ, ಅರ್ಧ ತಗೊಂಡು ಹೋಗು" ಎಂದಳು.

ಲೆಂಪಿ ಹೋದ ಮೇಲೆ ಕೋಟನ್ನು ಗೂಟಕ್ಕೆ ಹಾಕಿ, ಮೆಟ್ಟಿಲ ಬುಡದಲ್ಲಿ ನಿಂತಳು. ಊಟಕ್ಕೆ ಕೂಗುವ ಜಾಗ. ಕಪಾಟಿನಿಂದ ಒಗೆದು ಮಡಿಸಿದ ಹಾಸಿಗೆಯ ಬಟ್ಟೆ ತೆಗೆದುಕೊಂಡು ಕಂಬಿ ಹಿಡಿದು ಮೇಲೆ ಹತ್ತಿದಳು. ಬಾಗಿಲು ಮುಚ್ಚಿತ್ತು. ಇನ್ನು ಈ ಕೋಣೆ ಅವಳದು, ಕೋರ್ಟೇ ಹೇಳಿದೆ, ಯಾರ ಅಪ್ಪಣೆಯೂ ಬೇಕಿಲ್ಲ, ಸುಮ್ಮನೆ ಹಿಡಿಕೆ ತಿರುಗಿಸಿದರಾಯಿತು. ಬಟ್ಟೆಯನ್ನು ಎಡತೋಳಿಗೆ ಬದಲಾಯಿಸಿಕೊಂಡು, ಬಲಗೈಯಲ್ಲಿ ಇನ್ನೂ ಉಳಿದಿದ್ದ ಗವುಸು ತೆಗೆದಳು. ನಡುಬೆರಳಿನ ಗೆಣ್ಣಿನಿಂದ ಬಡಿದಳು. ಕೋರ್ಟಿಗೆ ಕೇಳಿಸಲೆಂಬಷ್ಟು ಜೋರಾಗಿ ಮತ್ತೊಮ್ಮೆ ಬಡಿದಳು. ನೋವು ಮೊಣಕೈವರೆಗೆ ಏರಿತು.

ಬಟ್ಟೆಯನ್ನು ತಬ್ಬಿಕೊಂಡು, ಉಸಿರು ಹಿಡಿದು, ಅವನು ಬಾ ಅನ್ನಲೆಂದು ಕಾಯುತ್ತ ಅಲ್ಲೇ ನಿಂತುಕೊಂಡಳು.